ಅವಸರದ ಬೆಳಗಿಗೆ ತುರುಬು, ಕಾಡಿಗೆ, ಉಗುರಿನ ಬಣ್ಣ

ಕಾಲೇಜಿಗೋ ಕಚೇರಿಗೋ ಹೊರಡುವ ಮುಂಚೆ ಕನ್ನಡಿ ಮುಂದೆ ಸಿಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ, ಅದೂ ಕುಕ್ಕರ್ ಕೂಗದಿದ್ದರೆ. ಅಷ್ಟರಲ್ಲಿ ತಲೆ, ಮುಖ ಎರಡನ್ನೂ ಅಚ್ಚುಕಟ್ಟಾಗಿ ಮುಗಿಸಬಹುದು. ಉಗುರನ್ನು ಮಾತ್ರ ಬೆಳಗ್ಗೆ ಮುಟ್ಟಬೇಡಿ, ಅದು ಭಾನುವಾರ ಸಂಜೆಯ ಕೆಲಸ. ಅಲಂಕಾರ ಎಲ್ಲಿ ಕೆಟ್ಟಿದೆ ಎಂದು ಹುಡುಕುತ್ತಾ ಹೋದರೆ ಬಹುಪಾಲು ಸಿಗುವ ಕಾರಣ ಎರಡೇ: ಹಚ್ಚಿದ್ದು ಜಾಸ್ತಿ, ಒಣಗಲು ಬಿಟ್ಟ ಹೊತ್ತು ಕಡಿಮೆ. ದುಬಾರಿ ಡಬ್ಬಿ ಕೊಂಡರೂ ಇವೆರಡು ಸರಿಹೋಗುವುದಿಲ್ಲ. ಹಾಗಾಗಿ ಇಲ್ಲಿ ಬಣ್ಣಗಳ ಹೆಸರಿಗಿಂತ ಅಳತೆ ಮತ್ತು ಕಾಯುವ ಹೊತ್ತಿನ ಮಾತೇ ಹೆಚ್ಚು.

ಬೆಳಗಿನ ಅನುಕ್ರಮ ಹೀಗಿರಲಿ. ಮೊದಲು ಬಟ್ಟೆ ಹಾಕಿಕೊಳ್ಳಿ. ತಲೆಯ ಮೇಲಿಂದ ಎಳೆದುಕೊಳ್ಳುವ ಕುರ್ತಾ ಆದರಂತೂ ಇದನ್ನು ಮರೆಯಬೇಡಿ, ಕತ್ತಿನ ಪಟ್ಟಿಗೆ ಅಂಟುವುದು ನಿಮ್ಮ ಮೇಕಪ್ಪೇ. ಮುಖ ತೊಳೆದು ಸನ್‌ಸ್ಕ್ರೀನ್ ಹಚ್ಚಿ. ಅದು ಚರ್ಮದ ಮೇಲೆ ಕೂರಲು ಬೇಕಾದ ಹತ್ತು ನಿಮಿಷದಲ್ಲಿ ತಲೆ ಕಟ್ಟಿ. ಕೊನೆಗೆ ಮುಖ.

ತಲೆಸ್ನಾನ ಹಿಂದಿನ ಸಂಜೆಗೇ

ಆಗಷ್ಟೇ ತೊಳೆದ ಕೂದಲು ನುಣುಪಾಗಿ ಜಾರುತ್ತದೆ, ಪಿನ್ನು ನಿಲ್ಲುವುದಿಲ್ಲ. ತುರುಬು, ಜಡೆ ಎರಡಕ್ಕೂ ಒಂದು ದಿನ ಹಳೆಯದಾದ ಕೂದಲೇ ಹಿತ. ಮಲಗುವ ಮುಂಚೆ ಬುಡ ಪೂರ್ತಿ ಒಣಗುವಷ್ಟು ಬೇಗ ಸ್ನಾನ ಮುಗಿಸಿ. ಒದ್ದೆ ತಲೆಯನ್ನು ಬಿಗಿಯಾಗಿ ಕಟ್ಟಿ ಮಲಗಿದರೆ ನೆತ್ತಿಯ ಪಸೆ ಆರುವುದಿಲ್ಲ, ಬೆಳಗ್ಗೆ ಮುಗ್ಗಲು ವಾಸನೆ, ಮೇಲೆ ಹೊಟ್ಟಿನ ಕಾಟ.

ಭುಜ ದಾಟಿದ ಕೂದಲಿಗೆ ಕೊಬ್ಬರಿ ಎಣ್ಣೆ ಎರಡು ಟೀ ಚಮಚ ಸಾಕು, ಸ್ನಾನಕ್ಕೆ ಅರ್ಧ ಗಂಟೆ ಮೊದಲು. ಇದರಲ್ಲಿರುವ ಲಾರಿಕ್ ಆಮ್ಲ ಕೂದಲೆಳೆಯ ಒಳಗೆ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಸೋರುವುದು ಕಡಿಮೆಯಾಗುತ್ತದೆ. ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆಗಳು ಬಹುಮಟ್ಟಿಗೆ ಹೊರಗೇ ಉಳಿದು ಹೊಳಪಷ್ಟೇ ಕೊಡುತ್ತವೆ. ಹೊಟ್ಟು ಇರುವವರು ಎಣ್ಣೆಯನ್ನು ನೆತ್ತಿಗೆ ಬೇಡ, ಉದ್ದಕ್ಕೆ ಮಾತ್ರ ಸವರಿ. ಹೊಟ್ಟಿಗೆ ಕಾರಣವಾಗುವ ಮಲಸೀಜಿಯಾ ಎಂಬ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ. ರಾತ್ರಿಯಿಡೀ ಎಣ್ಣೆ ಇಟ್ಟರೆ ದುಪ್ಪಟ್ಟು ಲಾಭ ಎಂಬ ಮಾತನ್ನು ಅವರಂತೂ ಕಿವಿಗೆ ಹಾಕಿಕೊಳ್ಳಬಾರದು.

ಶಾಂಪೂ ಎರಡು ಚಮಚದಷ್ಟನ್ನು ಅರ್ಧ ಮಗ್ ನೀರಿನಲ್ಲಿ ಕದಡಿ ನೆತ್ತಿಗೆ ಹಾಕಿ. ನೊರೆ ಇಳಿದು ಹೋಗುವಾಗಲೇ ಉದ್ದ ಶುಚಿಯಾಗುತ್ತದೆ, ತುದಿಯನ್ನು ಬೇರೆಯಾಗಿ ಉಜ್ಜಬೇಕಿಲ್ಲ. ಕಂಡೀಷನರ್ ಕಿವಿಯಿಂದ ಕೆಳಕ್ಕೆ ಮಾತ್ರ, ಎರಡು ನಿಮಿಷ. ಬುಡಕ್ಕೆ ತಾಗಿದರೆ ಮರುದಿನವೇ ತಲೆ ಜಿಡ್ಡಾಗಿ ಚಪ್ಪಟೆಯಾಗುತ್ತದೆ. ಸೀಗೆಪುಡಿ ಬಳಸುವವರು ಅದನ್ನು ಬಿಸಿನೀರಿನಲ್ಲಿ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿಕೊಂಡರೆ ಕೂದಲಲ್ಲಿ ಹುಡಿ ಉಳಿಯುವ ಗೋಳಿಲ್ಲ.

ಬೆಂಗಳೂರಿನ ಬೋರ್‌ವೆಲ್ ನೀರಿಗೆ ಬಂದವರು "ಇಲ್ಲಿಗೆ ಬಂದ ಮೇಲೆ ಕೂದಲು ಒರಟಾಯಿತು" ಎನ್ನುವುದು ಸುಳ್ಳಲ್ಲ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಪದರಗಟ್ಟುತ್ತವೆ. ಹದಿನೈದು ದಿನಕ್ಕೊಮ್ಮೆ, ಈ ಪದರವನ್ನು ಬಿಡಿಸುವ ಇಡಿಟಿಎ ಎಂಬ ರಾಸಾಯನಿಕ ಇರುವ ಶಾಂಪೂ ಹಾಕಿ, ಇಲ್ಲವೇ ಕೊನೆಯ ಎರಡು ಮಗ್ ಮಾತ್ರ ಆರ್‌ಒ ಫಿಲ್ಟರ್ ನೀರು ಸುರಿದುಕೊಳ್ಳಿ. ಒರೆಸಲು ಟರ್ಕಿ ಟವೆಲ್‌ಗಿಂತ ಹಳೆಯ ಪಂಚೆ ಮೇಲು. ತಿರುಚಿ ಹಿಂಡದೆ ಒತ್ತಿ ತೆಗೆಯಿರಿ. ಒದ್ದೆ ಎಳೆ ಹಿಗ್ಗಿ ಬೇಗ ತುಂಡಾಗುತ್ತದೆ. ನೇರ ಕೂದಲನ್ನು ಮುಕ್ಕಾಲು ಒಣಗಿದ ಮೇಲೆ ಬಾಚಿ. ಗುಂಗುರು ಕೂದಲಿನವರು ಉಲ್ಟಾ: ಕಂಡೀಷನರ್ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿಕೊಳ್ಳಿ, ಒಣಗಿದ ಮೇಲೆ ಬಾಚಣಿಗೆ ಸೋಕಿಸಬೇಡಿ.

ಬಿಚ್ಚದ ತುರುಬು

ಸೀರೆಗೂ ಜೀನ್ಸ್‌ಗೂ ಒಪ್ಪುವುದು, ಬಸ್ಸಿನ ಕಿಟಕಿ ಗಾಳಿಗೆ ಜಗ್ಗದೆ ನಿಲ್ಲುವುದು ಕತ್ತಿನ ಬಳಿಯ ಕೆಳ ತುರುಬು. ಬೇಕಾಗುವುದು ಬಟ್ಟೆ ಸುತ್ತಿದ ಒಂದು ಬ್ಯಾಂಡ್, ನಾಲ್ಕು ಯು-ಪಿನ್, ಎರಡು ಹೇರ್‌ಪಿನ್, ಎರಡು ಹನಿ ಸೀರಮ್.

1. ಸೀರಮ್ಮನ್ನು ಅಂಗೈಯಲ್ಲಿ ಉಜ್ಜಿ ಕಿವಿಯ ಕೆಳಗಿನ ಉದ್ದಕ್ಕೆ ಸವರಿ. ಬೈತಲೆ ತೆಗೆದು, ಕೂದಲನ್ನು ಕತ್ತಿನ ಹತ್ತಿರ ಒಟ್ಟು ಮಾಡಿ ಬ್ಯಾಂಡ್ ಎರಡು ಸುತ್ತು ಹಾಕಿ.
2. ಹಿಡಿದ ಜುಟ್ಟನ್ನು ಬಲಕ್ಕೆ ತಿರುಚುತ್ತಾ ಹೋಗಿ, ಅದು ತಾನಾಗಿಯೇ ಸುರುಳಿಯಾಗಲು ಶುರುವಾಗುವವರೆಗೆ.
3. ಅದೇ ದಿಕ್ಕಿನಲ್ಲಿ ಬುಡದ ಸುತ್ತ ಸುತ್ತಿ. ಬಲಕ್ಕೆ ತಿರುಚಿ ಎಡಕ್ಕೆ ಸುತ್ತಿದರೆ ಪ್ರತಿ ಸುತ್ತಿಗೂ ತಿರುಚು ಬಿಚ್ಚುತ್ತಾ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ತುರುಬು ಜೋತುಬೀಳುವುದಕ್ಕೆ ಇದೇ ಮುಖ್ಯ ಕಾರಣ.
4. ತುದಿಯನ್ನು ಬ್ಯಾಂಡಿನ ಅಡಿಗೆ ಸಿಕ್ಕಿಸಿ. ಗಡಿಯಾರದ 12, 3, 6, 9ರ ಜಾಗದಲ್ಲಿ ಒಂದೊಂದು ಯು-ಪಿನ್. ಪಿನ್ನಿನ ಮೊನೆ ಹೊರಮುಖವಾಗಿರಲಿ. ತುರುಬಿನ ಅಂಚಿನ ಸ್ವಲ್ಪ ಕೂದಲನ್ನು ಹಿಡಿದು, ಪಿನ್ನನ್ನು ಮಗುಚಿ, ನೆತ್ತಿಯನ್ನು ಸವರಿಕೊಂಡು ನಡುವಿಗೆ ತಳ್ಳಿ. ಈ ಮಗುಚುವಿಕೆಯೇ ಬೀಗ. ನೆಟ್ಟಗೆ ಚುಚ್ಚಿದ ಪಿನ್ನು ಹತ್ತಿದ್ದರೂ ಪ್ರಯೋಜನವಿಲ್ಲ.
5. ಕಿವಿಯ ಹಿಂದಿನ ಸಣ್ಣ ಕೂದಲಿಗೆ ಹೇರ್‌ಪಿನ್.

ಹೇರ್‌ಪಿನ್ನಿನ ಅಂಕುಡೊಂಕಾದ ಬದಿ ನೆತ್ತಿಯ ಕಡೆಗೆ ಇರಬೇಕು. ನಯವಾದ ಬದಿ ಚೆನ್ನಾಗಿ ಕಾಣುತ್ತದೆಂದು ಅದನ್ನು ಕೆಳಗೆ ಹಾಕುವವರೇ ಹೆಚ್ಚು, ಆಮೇಲೆ ಪಿನ್ನು ಜಾರುತ್ತದೆ ಎಂಬ ದೂರು. ಹಲ್ಲಿನಿಂದ ಅಗಲಿಸಬೇಡಿ, ಹಿಡಿತ ಸಡಿಲಾಗುತ್ತದೆ. ತುದಿಯ ಗುಂಡು ಕಳಚಿದ ಪಿನ್ನನ್ನು ತಲೆಗೆ ಹಾಕದೆ ಬಿಸಾಡಿ, ಅದು ನೆತ್ತಿ ಗೀರುತ್ತದೆ.

ಕೂದಲು ತೆಳುವಾಗಿದ್ದರೆ ಮೊದಲು ಜಡೆ ಹೆಣೆದು, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಕಾಲನ್ನು ಸ್ವಲ್ಪ ಎಳೆದು ಅಗಲ ಮಾಡಿ, ಆಮೇಲೆ ಸುತ್ತಿ. ತುರುಬು ದುಪ್ಪಟ್ಟು ದಪ್ಪ ಕಾಣುತ್ತದೆ. ತೀರಾ ದಟ್ಟ ಕೂದಲಿನವರು ಎರಡು ಭಾಗ ಮಾಡಿ ಒಂದರ ಮೇಲೊಂದು ಸುತ್ತುವುದು ಸರಿ.

ಹೂ ಮುಡಿಯುವುದಾದರೆ ಒಂದು ಮೊಳ ಸಾಕು. ಮೊಳ ಸುಮಾರು 45 ಸೆಂಟಿಮೀಟರ್. 8 ಸೆಂಟಿಮೀಟರ್ ಅಗಲದ ತುರುಬಿನ ಸುತ್ತಳತೆ 25ರಷ್ಟು. ಎರಡು ಸುತ್ತಿಗೆ ಸ್ವಲ್ಪ ಕಮ್ಮಿಯಾಗುವುದರಿಂದ ಎರಡನೆಯ ಸುತ್ತನ್ನು ಮೇಲ್ಭಾಗಕ್ಕೆ ಮಾತ್ರ ತನ್ನಿ, ಕೆಳಗೆ ಕತ್ತಿಗೆ ಒತ್ತುವ ಹೂ ಹೇಗೂ ನಲುಗುತ್ತದೆ. ಪಿನ್ನು ಹಾಕುವುದು ದಾರಕ್ಕೆ, ಹೂವಿಗಲ್ಲ. ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಯಾವುದು ಮೇಲು ಎಂಬ ಜಗಳಕ್ಕೆ ಇಲ್ಲಿ ಜಾಗವಿಲ್ಲ. ದಿನವಿಡೀ ಕಚೇರಿಯಲ್ಲಿ ಕೂರುವವರಿಗೆ ಕನಕಾಂಬರವೇ ಲಾಯಕ್ಕು: ಪರಿಮಳವಿಲ್ಲದಿದ್ದರೂ ಬೇಗ ಬಾಡುವುದಿಲ್ಲ. ಹಿಂದಿನ ದಿನ ತಂದ ಹೂವನ್ನು ನೀರು ಚಿಮುಕಿಸದೆ, ತೇವದ ಬಟ್ಟೆ ಹೊದಿಸಿ ಡಬ್ಬಿಯಲ್ಲಿಟ್ಟು ಫ್ರಿಜ್‌ಗೆ ಹಾಕಿ. ನೀರು ಕೂತ ಎಸಳೇ ಮೊದಲು ಕಪ್ಪಾಗುವುದು.

ಸ್ಕೂಟರಿನಲ್ಲಿ ಹೋಗುವವರಿಗೆ ಹೆಲ್ಮೆಟ್ಟಿನಡಿ ಎತ್ತರದ ಜುಟ್ಟು, ಕೂದಲಿಗೆ ಹಾಕುವ ಕ್ಲಚ್ ಎರಡೂ ಬೇಡ. ಹೆಲ್ಮೆಟ್ ಸರಿಯಾಗಿ ಕೂರುವುದೇ ಇಲ್ಲ, ಅದು ಅಂದದ ಪ್ರಶ್ನೆಯಷ್ಟೇ ಅಲ್ಲ. ಕತ್ತಿನ ಕೆಳಗೆ ಶುರುವಾಗುವ ಸಡಿಲ ಜಡೆ, ಒಳಗೆ ತೆಳು ಹತ್ತಿಯ ಸ್ಕಾರ್ಫ್. ಇಳಿದ ಮೇಲೆ ಬೈತಲೆಯನ್ನು ಬೆರಳಗಲ ಆ ಕಡೆಗೆ ಸರಿಸಿದರೆ ಚಪ್ಪಟೆಯಾದ ಕೂದಲು ಎದ್ದು ನಿಲ್ಲುತ್ತದೆ. ಮೂರನೆಯ ದಿನದ ಜಿಡ್ಡಿಗೆ ಅರ್ಧ ಚಮಚ ಕಾರ್ನ್‌ಫ್ಲೋರ್. ಕಪ್ಪು ಕೂದಲಿಗೆ ಬಿಳಿ ಮೆತ್ತದಂತೆ ಅಷ್ಟೇ ಕೋಕೋ ಪುಡಿ ಬೆರೆಸಿ, ಬ್ರಷ್‌ನಿಂದ ಬುಡಕ್ಕೆ ಉದುರಿಸಿ, ಎರಡು ನಿಮಿಷ ಬಿಟ್ಟು ಬಾಚಿ. ದಿನಾ ಒಂದೇ ಜಾಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚು, ಕಿವಿಯ ಮೇಲಿನ ಕೂದಲು ಕ್ರಮೇಣ ಬೋಳಾಗುತ್ತದೆ. ಹುಬ್ಬು ಮೇಲೆ ಎಳೆದಂತೆ ಅನಿಸಿದರೆ ಕಟ್ಟು ಬಿಗಿಯಾಗಿದೆ ಎಂದರ್ಥ.

ಮುಖಕ್ಕೆ ಏಳು ನಿಮಿಷ

ಸನ್‌ಸ್ಕ್ರೀನ್ ಬಾಟಲಿಯ ಮೇಲೆ ಬಿಸಿಲಿನಿಂದ ರಕ್ಷಣೆಯ ಗುರುತಾಗಿ ಎಸ್‌ಪಿಎಫ್ 30, ಪಿಎ ಮೂರು ಪ್ಲಸ್ (PA+++) ಇದ್ದರೆ ಆಯಿತು. ಅಳತೆ: ತೋರುಬೆರಳು, ನಡುಬೆರಳಿನ ಬುಡದಿಂದ ತುದಿವರೆಗೆ ಎರಡು ಗೆರೆ, ಮುಖಕ್ಕೂ ಕತ್ತಿಗೂ ಸೇರಿ. ಕಡಲೆಕಾಳಿನಷ್ಟು ಹಚ್ಚಿಕೊಂಡರೆ ಬಾಟಲಿಯ ಮೇಲೆ ಬರೆದ ರಕ್ಷಣೆ ಸಿಗದು. ಇದರ ಮೇಲೆ ಹಚ್ಚಿದ್ದೆಲ್ಲ ರಬ್ಬರಿನ ಚೂರಿನಂತೆ ಉರುಳಿ ಬರುತ್ತಿದ್ದರೆ, ಕೆಳಗಿನದು ಒಣಗಿಲ್ಲ ಅಥವಾ ನೀವು ಉಜ್ಜುತ್ತಿದ್ದೀರಿ. ಉಜ್ಜದೆ ತಟ್ಟಿ.

ದಿನಾ ಇಡೀ ಮುಖಕ್ಕೆ ಫೌಂಡೇಶನ್ (ಮುಖದ ಬಣ್ಣ ಸಮ ಮಾಡುವ ಕ್ರೀಮ್) ಬೇಕೇ? ಬೇಡ. ಮೂಗಿನ ಇಕ್ಕೆಲ, ಬಾಯಿಯ ಸುತ್ತ, ಗದ್ದ, ಕಲೆ ಇರುವ ಕಡೆ ಇಷ್ಟಕ್ಕೆ ಬಟಾಣಿಯಷ್ಟು ಸಾಕು. ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ ಅಂಚನ್ನು ಮಾಯಿಸಿ. ನಮ್ಮಲ್ಲಿ ಅನೇಕರಿಗೆ ಹಣೆ, ಬಾಯಿಯ ಸುತ್ತಲಿನ ಚರ್ಮ ಕೆನ್ನೆಗಿಂತ ಒಂದು ಛಾಯೆ ಗಾಢ. ಕೆನ್ನೆಗೆ ಹೊಂದುವ ಬಣ್ಣ ಕೊಂಡರೆ ಅಲ್ಲೆಲ್ಲ ಬೂದಿ ಬಳಿದಂತೆ ಕಾಣುವುದು ಅದಕ್ಕೇ. ಅಂಗಡಿಯಲ್ಲಿ ಕೈಯ ಮೇಲೆ ನೋಡಬೇಡಿ. ದವಡೆಯಿಂದ ಕತ್ತಿಗೆ ಇಳಿಯುವಂತೆ ಮೂರು ಛಾಯೆಯ ಗೆರೆ ಎಳೆದು, ಬಾಗಿಲ ಹೊರಗೆ ಹಗಲು ಬೆಳಕಿನಲ್ಲಿ ಹತ್ತು ನಿಮಿಷ ಬಿಟ್ಟು ನೋಡಿ. ಕೆಲವು ಫೌಂಡೇಶನ್ ಗಾಳಿಗೆ ಗಾಢವಾಗುತ್ತವೆ. ಕಾಣದಂತೆ ಮಾಯವಾದ ಗೆರೆ ನಿಮ್ಮದು.

ಕಣ್ಣಡಿಯ ಕಪ್ಪಿಗೆ ನೇರವಾಗಿ ತಿಳಿ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಬಳಿದರೆ ಬೂದು ಬಣ್ಣ ಬರುತ್ತದೆ. ಮೊದಲು ಅಕ್ಕಿಕಾಳಿನಷ್ಟು, ಕಪ್ಪನ್ನು ಮರೆಸುವ ಕಿತ್ತಳೆ ಬಣ್ಣದ ಕರೆಕ್ಟರ್ (ಗೋಧಿ ಬಣ್ಣದವರಿಗೆ ಪೀಚ್), ಕಪ್ಪು ಇರುವಲ್ಲಿ ಮಾತ್ರ, ಉಂಗುರ ಬೆರಳಿನಿಂದ ತಟ್ಟಿ. ನಂತರ ಅಷ್ಟೇ ಕನ್ಸೀಲರ್. ಕಣ್ಣಡಿ ಗೆರೆಗೆರೆಯಾಗಿ ಒಡೆದರೆ ಪೌಡರು ಕಡಿಮೆಯಾಯಿತೆಂದು ಇನ್ನಷ್ಟು ಹಾಕಬೇಡಿ, ಕ್ರೀಮೇ ಜಾಸ್ತಿಯಾಗಿದೆ.

ಕೆನ್ನೆಗೆ ತುಟಿಯ ಲಿಪ್‌ಸ್ಟಿಕ್ಕೇ ಆಗುತ್ತದೆ. ಕ್ರೀಮಿನಂಥ ಕಡ್ಡಿ ಲಿಪ್‌ಸ್ಟಿಕ್ಕಿನ ಎರಡು ಚುಕ್ಕಿ ಕೆನ್ನೆಯ ಎತ್ತರದ ಭಾಗಕ್ಕಿಟ್ಟು ಮೇಲ್ಮುಖವಾಗಿ ಬೆರಳಲ್ಲಿ ಹರಡಿ. ಹೊಳಪಿಲ್ಲದ ದ್ರವ ಮ್ಯಾಟ್ ಲಿಪ್‌ಸ್ಟಿಕ್ ಇದಕ್ಕೆ ಬೇಡ, ಹರಡುವ ಮುಂಚೆಯೇ ಒಣಗಿ ಕಲೆಯಾಗಿ ನಿಲ್ಲುತ್ತದೆ. ಪೌಡರ್ ಇದಾದ ಮೇಲೆ; ಪೌಡರಿನ ಮೇಲೆ ಕ್ರೀಮ್ ಹಚ್ಚಿದರೆ ತೇಪೆ ತೇಪೆ. ಮಂಗಳೂರು, ಕಾರವಾರದ ಬೆವರಿಗೆ ಹಣೆ, ಮೂಗು, ಗದ್ದಕ್ಕೆ ಪೌಡರನ್ನು ಒತ್ತಿ ಕೂರಿಸಿ. ರಾಯಚೂರು, ಕಲಬುರಗಿಯ ಒಣಹವೆಯಲ್ಲಿ, ದಿನವಿಡೀ ಎಸಿ ಇರುವಲ್ಲಿ ಮೂಗಿನ ಮೇಲಷ್ಟೇ ಸಾಕು.

ಇನ್ನು ಕಾಡಿಗೆ. ಬೇರೇನೂ ಹಚ್ಚದಿದ್ದರೂ ಇದೊಂದು ಇದ್ದರೆ ಮುಖ ಎಚ್ಚೆತ್ತಂತೆ ಕಾಣುತ್ತದೆ. ಕೆಟ್ಟರೆ ಮೂರು ದಿನ ನಿದ್ದೆಗೆಟ್ಟಂತೆ. ಕಾಡಿಗೆ ಇಳಿಯುವುದು ಜಿಡ್ಡಿನಿಂದ. ಮೊದಲು ಟಿಶ್ಯೂದಿಂದ ರೆಪ್ಪೆ, ಕಣ್ಣಡಿ ಒತ್ತಿ ಒರೆಸಿ, ಎರಡಕ್ಕೂ ಚೂರು ಕಾಂಪ್ಯಾಕ್ಟ್ ಪೌಡರ್ ಸವರಿ. ಪೆನ್ಸಿಲನ್ನು ಮೇಲಿನ ಎವೆಗಳ ಬುಡಕ್ಕೆ ಸಣ್ಣ ಸಣ್ಣ ಗೀಟಾಗಿ ಒತ್ತುತ್ತಾ ಹೋಗಿ. ಕೆಳಗೆ ಹೊರಗಿನ ಮೂರನೇ ಒಂದು ಭಾಗಕ್ಕೆ ಮಾತ್ರ, ಅದೂ ಎವೆಯ ಹೊರಗೆ. ಒಳಗಿನ ತೇವದ ಅಂಚಿಗೆ ಹಚ್ಚಿದ್ದನ್ನು ಕಣ್ಣೀರು ತೊಳೆದು ಕಣ್ಣಿನ ಮೂಲೆಗೆ ತರುತ್ತದೆ, ಯಾವ ಪೆನ್ಸಿಲೂ ಅಲ್ಲಿ ಸಂಜೆವರೆಗೆ ನಿಲ್ಲದು. ಮಾಯಿಸುವುದಿದ್ದರೆ ಅರ್ಧ ನಿಮಿಷದೊಳಗೆ. ಜೆಲ್ ಪೆನ್ಸಿಲ್ ಒಮ್ಮೆ ಕೂತ ಮೇಲೆ ಉಜ್ಜಿದರೆ ಪುಡಿಯಾಗಿ ಉದುರುತ್ತದೆ. ಕೊನೆಗೆ ಕಂದು ಐಶ್ಯಾಡೋವನ್ನು ಇಯರ್ ಬಡ್‌ನಿಂದ ಅದೇ ಗೆರೆಯ ಮೇಲೆ ಒತ್ತಿ. ಕಾಡಿಗೆ ನಿಲ್ಲುವುದು ಈ ಪುಡಿಯ ಪದರದಿಂದಲೇ.

ಮನೆಯಲ್ಲಿ ದೀಪದ ಮಸಿಗೆ ತುಪ್ಪ ಬೆರೆಸಿ ಮಾಡಿದ ಕಾಡಿಗೆ ಎಂದೂ ಒಣಗುವುದಿಲ್ಲ, ಹಗಲಿಗೆ ಅದನ್ನು ನೆಚ್ಚಬೇಡಿ. ಬಿಡಿಯಾಗಿ ಸಿಗುವ ಸುರ್ಮಾದಲ್ಲಿ ಸೀಸವಿರುವುದುಂಟು, ಅದು ಬೇಡವೇ ಬೇಡ. ಲೆನ್ಸ್ ಹಾಕುವವರು ಮೊದಲು ಲೆನ್ಸ್, ಆಮೇಲೆ ಅಲಂಕಾರ. ಮಸ್ಕಾರ ತೆರೆದು ಮೂರು ತಿಂಗಳಾದರೆ ಬಿಸಾಡಿ; ಉಳಿದವಕ್ಕೆ ಡಬ್ಬಿಯ ಮೇಲಿನ ತೆರೆದ ಮುಚ್ಚಳದ ಚಿತ್ರದಲ್ಲಿ ತಿಂಗಳ ಲೆಕ್ಕ ಇರುತ್ತದೆ.

ತುಟಿಗೆ ಆರಂಭದಲ್ಲೇ ಬಾಮ್ ಹಚ್ಚಿಟ್ಟು, ಬಣ್ಣಕ್ಕೆ ಮುಂಚೆ ಒರೆಸಿಬಿಡಿ. ನಡುವಿನಿಂದ ಅಂಚಿಗೆ ಒಂದು ಪದರ, ಟಿಶ್ಯೂ ಒತ್ತಿ, ಇನ್ನೊಂದು ಪದರ. ದ್ರವ ಮ್ಯಾಟ್‌ಗೆ ಒಂದೇ ಪದರ, ಎರಡಾದರೆ ಬಿರುಕು. ದೋಸೆಯ ಎಣ್ಣೆಗೆ ಒಳತುಟಿಯ ಬಣ್ಣ ಕರಗುವುದು ಸಹಜ. ಉಳಿದದ್ದನ್ನು ಬಾಮ್‌ನಿಂದ ಒರೆಸಿ ಹೊಸದಾಗಿ ಹಚ್ಚಿ, ಹಳೆಯದರ ಮೇಲೆಯೇ ಮೆತ್ತಬೇಡಿ. ಇಟ್ಟಿಗೆ ಕೆಂಪು, ನೇರಳೆಹಣ್ಣಿನ ಬಣ್ಣ, ಕಂದು ಬೆರೆತ ಗುಲಾಬಿ ನಮ್ಮ ಬಹುತೇಕ ಮೈಬಣ್ಣಗಳಿಗೆ ಹೊಂದುತ್ತವೆ. ನ್ಯೂಡ್ (ಮೈಬಣ್ಣದ ಛಾಯೆ) ಎಂದು ನಿಮ್ಮ ತುಟಿಗಿಂತ ತಿಳಿ ಬಣ್ಣದ್ದನ್ನು ಆರಿಸಿದರೆ ಕಾಯಿಲೆ ಕಳೆ ಬರುತ್ತದೆ.

ಸ್ಟಿಕ್ಕರ್ ಬೊಟ್ಟು ಇಡುವ ಜಾಗದಲ್ಲಿ ತುರಿಕೆಯೋ ಬಿಳಿ ಮಚ್ಚೆಯೋ ಕಂಡರೆ ಅಂದೇ ನಿಲ್ಲಿಸಿ, ಚರ್ಮದ ವೈದ್ಯರಿಗೆ ತೋರಿಸಿ. ಕೆಲವು ಅಂಟುಗಳಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ರಾಸಾಯನಿಕ ಚರ್ಮದ ಬಣ್ಣವನ್ನೇ ಕಳೆಯುತ್ತದೆ.

ರಾತ್ರಿ ಮೇಕಪ್ ತೆಗೆಯಲು ಅರ್ಧ ಚಮಚ ಕೊಬ್ಬರಿ ಎಣ್ಣೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮೇಲೆ ಫೇಸ್‌ವಾಶ್. ಮೊಡವೆ ಏಳುವ ಚರ್ಮಕ್ಕೆ ಈ ಎಣ್ಣೆ ರಂಧ್ರ ಕಟ್ಟಿಸುತ್ತದೆ, ಅಂಥವರು ಮೇಕಪ್ ಒರೆಸಲೆಂದೇ ಸಿಗುವ ಮೈಸೆಲ್ಲರ್ ನೀರು ಬಳಸಲಿ.

ಉಗುರು: ಭಾನುವಾರ ಸಂಜೆ, ಪಾತ್ರೆ ತೊಳೆದಾದ ಮೇಲೆ

ಸ್ನಾನ ಮಾಡಿದ ಕೂಡಲೇ ಬಣ್ಣ ಹಚ್ಚಬೇಡಿ. ನೀರು ಕುಡಿದ ಉಗುರು ಹಿಗ್ಗಿರುತ್ತದೆ. ಒಣಗಿ ಕುಗ್ಗುವಾಗ ಮೇಲಿನ ಬಣ್ಣ ಬಿಟ್ಟುಕೊಳ್ಳುತ್ತದೆ. ಒಂದು ಗಂಟೆ ಕಳೆಯಲಿ. ಮನೆಗೆಲಸ ಮಾಡುವ ಕೈಗೆ ಬೆರಳ ತುದಿಯಿಂದ 1–2 ಮಿಲಿಮೀಟರ್ ಉದ್ದ, ಮೂಲೆ ಸ್ವಲ್ಪ ದುಂಡಾದ ಚೌಕಾಕಾರ ಹಿತ. ಅರವನ್ನು ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ತುದಿ ಪದರ ಪದರವಾಗಿ ಸೀಳುತ್ತದೆ, ಒಂದೇ ದಿಕ್ಕಿಗೆ ಎಳೆಯಿರಿ. ಬುಡದ ತೆಳು ಚರ್ಮವನ್ನು ಕತ್ತರಿಸದೆ, ಸ್ನಾನದ ಹೊತ್ತಿಗೆ ಬಟ್ಟೆಯಿಂದ ಹಿಂದಕ್ಕೆ ತಳ್ಳಿ. ಅದು ಸೋಂಕನ್ನು ತಡೆಯುವ ಮುಚ್ಚಳ. ಕತ್ತರಿಸಿಕೊಂಡು ದಿನಾ ನೀರಿನಲ್ಲಿ ಕೈಯಾಡಿಸುವವರಿಗೆ ಉಗುರು ಸುತ್ತು ತಪ್ಪಿದ್ದಲ್ಲ.

ಹಳೆಯ ಬಣ್ಣ ಇಲ್ಲದಿದ್ದರೂ ಪಾಲಿಶ್ ರಿಮೂವರ್ ಅದ್ದಿದ ಹತ್ತಿಯಿಂದ ಒಮ್ಮೆ ಒರೆಸಿ ಜಿಡ್ಡು ತೆಗೆಯಿರಿ. ಬೇಸ್ ಕೋಟ್ ತೆಳುವಾಗಿ, ಎರಡು ನಿಮಿಷ ಬಿಡಿ. ಇದಿಲ್ಲದೆ ಕಡುಗೆಂಪು ಹಚ್ಚಿದರೆ ಉಗುರು ಹಳದಿಯಾಗುತ್ತದೆ. ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಉರುಳಿಸಿ, ಕುಲುಕಿದರೆ ಗುಳ್ಳೆ ಸೇರುತ್ತವೆ. ಬ್ರಷ್‌ನ ಒಂದು ಬದಿಯನ್ನು ಬಾಟಲಿ ಬಾಯಿಗೆ ಒರೆಸಿಕೊಂಡು ಮೂರು ಎಳೆತ: ನಡು, ಎಡ, ಬಲ. ಬುಡದಲ್ಲಿ ಕೂದಲೆಳೆಯಷ್ಟು ಜಾಗ ಬಿಡಿ, ಚರ್ಮಕ್ಕೆ ತಾಗಿದ ಬಣ್ಣ ಅಲ್ಲಿಂದಲೇ ಏಳುತ್ತದೆ. ಉಗುರಿನ ತುದಿಯಂಚಿಗೂ ಬ್ರಷ್ ಒಮ್ಮೆ ಮುಟ್ಟಿಸಿ. ಪಾತ್ರೆ ಉಜ್ಜುವಾಗ ಬಣ್ಣ ಮೊದಲು ಸವೆಯುವುದು ಆ ಅಂಚಿನಲ್ಲೇ. ಮೊದಲ ಪದರ ಗೆರೆಗೆರೆಯಾಗಿ ಕಂಡರೆ ತಿದ್ದಬೇಡಿ, ಮೂರು ನಿಮಿಷದ ನಂತರದ ಎರಡನೆಯದು ಮುಚ್ಚುತ್ತದೆ. ಬಿಳಿ, ತಿಳಿ ಬಣ್ಣಗಳಿಗೆ ಮೂರು ಪದರ ಬೇಕಾಗಬಹುದು. ಕೊನೆಗೆ ಟಾಪ್ ಕೋಟ್.

ಬಣ್ಣ ಒಣಗುವುದು ಅದರಲ್ಲಿನ ಈಥೈಲ್ ಅಸಿಟೇಟ್, ಬ್ಯೂಟೈಲ್ ಅಸಿಟೇಟ್ ಎಂಬ ದ್ರಾವಕಗಳು ಆವಿಯಾಗಿ ಹೋಗುವುದರಿಂದ. ಐಸ್ ನೀರಿನಲ್ಲಿ ಬೆರಳದ್ದಿದರೆ ಮೇಲ್ಪದರ ಗಟ್ಟಿಯಾದಂತೆ ಅನಿಸುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ. ರಭಸದ ಫ್ಯಾನಿನಡಿಯೂ ಕೂರಬೇಡಿ: ಮೇಲೆ ಬೇಗ ಚರ್ಮಗಟ್ಟಿ, ಒಳಗಿನ ಆವಿ ಗುಳ್ಳೆಯಾಗಿ ಸಿಕ್ಕಿಕೊಳ್ಳುತ್ತದೆ. ಮುಟ್ಟಲು ಇಪ್ಪತ್ತು ನಿಮಿಷ, ಹಾಸಿಗೆಗೆ ಹೋಗಲು ಕನಿಷ್ಠ ಎರಡು ಗಂಟೆ. ಬೆಳಗ್ಗೆ ಉಗುರಿನ ಮೇಲೆ ಬೆಡ್‌ಶೀಟಿನ ನೇಯ್ಗೆ ಅಚ್ಚಾಗಿದ್ದರೆ ಎಂಟಕ್ಕೆ ಹಚ್ಚಬೇಕಾದ್ದನ್ನು ಹತ್ತಕ್ಕೆ ಹಚ್ಚಿದ್ದೀರಿ.

ಅಡುಗೆಮನೆಯ ಅರಿಶಿನ ತಿಳಿ ಬಣ್ಣಗಳನ್ನೂ ಬಣ್ಣವಿಲ್ಲದ ಟಾಪ್ ಕೋಟನ್ನೂ ಹಳದಿ ಮಾಡುತ್ತದೆ. ಕಡು ಬಣ್ಣದಲ್ಲಿ ಹಳದಿ ಕಾಣದು, ಚಕ್ಕೆ ಎದ್ದದ್ದು ಕಾಣುತ್ತದೆ. ಎರಡರ ನಡುವಿನ ಕಾಫಿ, ಇಟ್ಟಿಗೆ, ಮಂಕು ನೇರಳೆ ಸುರಕ್ಷಿತ. ಬುಧವಾರ ಇನ್ನೊಂದು ಟಾಪ್ ಕೋಟ್ ಹಾಕಿದರೆ ವಾರ ತಳ್ಳಬಹುದು. ಚಕ್ಕೆ ಎದ್ದರೆ ಆ ಅಂಚನ್ನು ನಯವಾಗಿ ಅರೆದು, ಅಷ್ಟಕ್ಕೆ ಬಣ್ಣ ತುಂಬಿ, ಒಣಗಿದ ಮೇಲೆ ಇಡೀ ಉಗುರಿಗೆ ಟಾಪ್ ಕೋಟ್. ಜೆಲ್ ಪಾಲಿಶ್ ಹಾಕಿಸಿಕೊಂಡವರು ಕಿತ್ತು ತೆಗೆಯಬಾರದು, ಜೊತೆಗೆ ಉಗುರಿನ ಪದರವೂ ಬರುತ್ತದೆ.

ಚಿತ್ತಾರಕ್ಕೆ ಹೊಸ ಸಾಮಾನು ಬೇಡ. ಹೇರ್‌ಪಿನ್ನಿನ ಗುಂಡು ತುದಿಯನ್ನು ಬಣ್ಣದಲ್ಲಿ ಅದ್ದಿ ಉಂಗುರ ಬೆರಳಿನ ಉಗುರಿನ ಬುಡಕ್ಕೆ ಮೂರು ಚುಕ್ಕಿ ಇಟ್ಟರೆ ಸಾಕು. ಇನ್ನೂ ಸಣ್ಣ ಚುಕ್ಕಿಗೆ ಹಲ್ಲುಕಡ್ಡಿ. ತುದಿಗೆ ಬಿಳಿ ಪಟ್ಟಿ ಬೇಕಿದ್ದರೆ ಪೂರ್ತಿ ಒಣಗಿದ ಬಣ್ಣದ ಮೇಲೆ ಟೇಪ್ ಅಂಟಿಸಿ ಬಳಿದು, ಬಿಳಿ ಹಸಿಯಿರುವಾಗಲೇ ಟೇಪ್ ಎಳೆಯಿರಿ. ಒಣಗಿದ ಮೇಲೆ ಎಳೆದರೆ ಅಂಚು ಹರಿಯುತ್ತದೆ. ಇದ್ಯಾವ ತಾಪತ್ರಯವೂ ಬೇಡ ಎನ್ನುವವರಿಗೆ ಗೋರಂಟಿ ಇದೆ. ಅರೆದ ಸೊಪ್ಪನ್ನು ರಾತ್ರಿ ಉಗುರಿಗೆ ಮೆತ್ತಿದರೆ ಬರುವ ಕಿತ್ತಳೆ ಕೆಂಪು ಚಕ್ಕೆ ಏಳುವುದಿಲ್ಲ. ಆದರೆ ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 3 ಮಿಲಿಮೀಟರ್, ಬೇಸರವಾದರೂ ತಿಂಗಳುಗಟ್ಟಲೆ ಹೊತ್ತು ತಿರುಗಬೇಕು.

ಬಾಟಲಿಯಲ್ಲಿ ಪಾಲಿಶ್ ಗಟ್ಟಿಯಾದರೆ ರಿಮೂವರ್ ಸುರಿಯಬೇಡಿ, ಬಣ್ಣ ಹಾಳಾಗಿ ಮತ್ತೆ ಅಂಟಿ ಕೂರುವುದಿಲ್ಲ. ಪಾಲಿಶ್ ಥಿನ್ನರ್ ಎಂದೇ ಸಿಗುತ್ತದೆ, ಎರಡು ಮೂರು ಹನಿ ಹಾಕಿ ಉರುಳಿಸಿ. ಪ್ರತಿ ಸಲ ಬಾಟಲಿಯ ಬಾಯಿ ಒರೆಸಿ ಮುಚ್ಚಿದರೆ ಥಿನ್ನರಿನ ಅಗತ್ಯ ಅಪರೂಪಕ್ಕೆ ಬರುತ್ತದೆ.